ಅಂಚಿನ ಮಸಿ ನೋಡಿ ಕೊಟ್ಟ ಪ್ರೇಮಕಥೆಗಳು

ಪ್ರೇಮಕಥೆಗಳನ್ನು ಓದದೆಯೇ ಶಿಫಾರಸು ಮಾಡುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದ್ದೇನೆ. ಪೀಣ್ಯದ ಕಾರ್ಖಾನೆಗಳಿಗೆ ಹೊಂದಿಕೊಂಡಿದ್ದ ಒಂದು ಸಣ್ಣ ಸರ್ಕಾರಿ ಗ್ರಂಥಾಲಯದಲ್ಲಿ ಸಹಾಯಕನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಬೆನ್ನ ಹಿಂದೆ ನಾಲ್ಕು ಬೀರು ಪುಸ್ತಕವಿದ್ದರೆ ಎಂಥವನೂ ಪಂಡಿತನ ಹಾಗೆ ಕಾಣುತ್ತಾನೆ, ನೋಡಿ. ಮೇಜಿನ ಆಚೆ ನಿಂತವರು ನನ್ನನ್ನು ನಂಬುತ್ತಿದ್ದರು.

ನಮ್ಮಲ್ಲಿಗೆ ಬರುವವರು ಬರೆದವರ ಹೆಸರು ಹಿಡಿದು ಕೇಳುತ್ತಿದ್ದದ್ದು ಕಡಿಮೆ. ಒಳ್ಳೆಯ ಲವ್ ಸ್ಟೋರಿ ಕೊಡಿ, ಆದರೆ ಅಳಿಸಬಾರದು ಎನ್ನುವವರು. ಸೋಮವಾರದ ಶಿಫ್ಟಿಗೆ ಮೊದಲು ಮುಗಿಯಬೇಕು ಎನ್ನುವವರು. ಇವರಿಗಾಗಿ ನಾನೊಂದು ಉಪಾಯ ಕಂಡುಕೊಂಡಿದ್ದೆ. ಪುಸ್ತಕವನ್ನು ಮುಚ್ಚಿ ಹಿಡಿದು ಹಾಳೆಗಳ ಅಂಚು ನೋಡುವುದು. ಲೇತ್ ಯಂತ್ರದ ಮೇಲೆ ದುಡಿದ ಕೈಯನ್ನು ಎಷ್ಟು ತಿಕ್ಕಿ ತೊಳೆದರೂ ಹೆಬ್ಬೆರಳಲ್ಲಿ ಎಣ್ಣೆಮಸಿ ಉಳಿದೇ ಇರುತ್ತದೆ. ಆ ಮಸಿ ಕೊನೆಯ ಹಾಳೆಯವರೆಗೂ ಹತ್ತಿದ್ದರೆ ಕಥೆ ಚೆನ್ನಾಗಿದೆ. ಅರ್ಧಕ್ಕೆ ನಿಂತು ಮುಂದೆಲ್ಲ ಬೆಳ್ಳಗಿದ್ದರೆ ನಾಯಕ ನಾಯಕಿಯರಿಗೆ ಬೇಗನೆ ಮದುವೆಯಾಗಿಹೋಗಿದೆ ಎಂದರ್ಥ. ಈ ಲೆಕ್ಕ ತಪ್ಪಿದ್ದು ಅಪರೂಪ.

ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಪಂಡಿತರು ಶೃಂಗಾರಕ್ಕೆ ಎರಡು ಮುಖ, ಕೂಡಿದ್ದು ಒಂದು, ಅಗಲಿದ್ದು ಇನ್ನೊಂದು, ಆ ಎರಡನೆಯದನ್ನು ವಿಪ್ರಲಂಭ ಎನ್ನಬೇಕು ಎಂದು ಹೇಳಿಕೊಟ್ಟಿದ್ದರು. ಪೀಣ್ಯದವರು ವಿಪ್ರಲಂಭವನ್ನೇ ಹೆಚ್ಚು ಒಯ್ಯುತ್ತಿದ್ದರು. ಊರು ಬಿಟ್ಟು ಬಂದು ಒಂದು ರೂಮಿನಲ್ಲಿ ನಾಲ್ಕು ಜನ ಮಲಗುವವರಿಗೆ ಅಗಲಿಕೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನನಗೆ ಮಾತ್ರ ಎರಡೂ ತಿಳಿಯದು. ಹೆಣ್ಣು ನೋಡಿದ ಸಂಜೆಯೇ ತಾಂಬೂಲ ಬದಲಾಯಿಸಿಕೊಂಡು, ಬಸ್ಸು ತಪ್ಪೀತೆಂದು ಓಡಿಬಂದವನು ನಾನು.

ನೀಲಮ್ಮ ಯಾದಗಿರಿ ಕಡೆಯ ಹುಡುಗಿ, ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದಳು. ಭಾನುವಾರ ಮಧ್ಯಾಹ್ನ ಬರುತ್ತಿದ್ದಳು. ಮುನಿರಾಜು ಅದೇ ದಿನ ಬೆಳಿಗ್ಗೆ ಬರುವವನು. ಇಲ್ಲಿಯವನೇ, ತಾತ ರಾಗಿ ಬೆಳೆದಿದ್ದ ಹೊಲದ ಮೇಲೆ ಎದ್ದ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ. ಒಂದು ಭಾನುವಾರ ಅವನು ತಡವಾಗಿ ಬಂದು ಪುಸ್ತಕ ಹಿಂದಿರುಗಿಸಿ ಹೊರಟಾಗ ಅವಳು ಬಾಗಿಲಲ್ಲಿದ್ದಳು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಒಳಗೆ ಬಂದು, ಮೇಜಿನ ಮೇಲಿದ್ದ ಆ ಪುಸ್ತಕವನ್ನೇ ಕೇಳಿದಳು. ಯಾವಾಗಲೂ ಬೆಳಿಗ್ಗೆಯೇ ತಂದುಕೊಡುವವನು, ಇವತ್ತು ತಡ ಮಾಡಿದ ಎನ್ನುತ್ತ ಕೊಟ್ಟೆ.

ಅಂದಿನಿಂದ ಪ್ರತಿ ವಾರವೂ ಅವಳದು ಒಂದೇ ಬೇಡಿಕೆ.

“ಮುಂಜಾನಿ ವಾಪಸ್ ಬಂದದ್ದು ಐತೇನ್ರಿ ಸರ?”

ಯಾರು ತಂದದ್ದು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುನಿರಾಜು ತಂದಿಟ್ಟದ್ದನ್ನು ಬೇರೆಯವರಿಗೆ ಸಿಗದ ಹಾಗೆ ಡ್ರಾಯರಿನಲ್ಲಿ ಎತ್ತಿಡುತ್ತಿದ್ದೆ. ಮಸಿಯ ಹೆಬ್ಬೆರಳು ಬಿದ್ದ ಹಾಳೆಗಳ ನಡುವೆ ಮರುವಾರ ಬಟ್ಟೆಯ ಎಳೆ ಸಿಕ್ಕಿರುತ್ತಿತ್ತು. ಅದನ್ನು ಕಂಡು ನನಗೆ ಹಿಗ್ಗು. ಈ ಕಥೆ ನಡೆಯುತ್ತಿರುವುದು ನನ್ನಿಂದ ಎಂಬ ಜಂಬ.

ಅವಳ ಅಣ್ಣ ಬಂದದ್ದು ಒಂದು ಬುಧವಾರ. ಬಹಳ ಮರ್ಯಾದೆಯ ಮನುಷ್ಯ. ಎದುರಿನ ಅಂಗಡಿಯಿಂದ ನನಗೂ ಟೀ ತಂದುಕೊಟ್ಟು ಕೂತ. “ತಂಗಿಗಿ ಒಂದ್ ಪುಸ್ತಕ ಕೊಡಸ್ಬೇಕಂತ ಮಾಡೀನ್ರಿ. ಆಕಿ ಎಂಥಾ ಕತಿ ಓದ್ತಾಳ್ರಿ?” ಎಂದ. ತಂಗಿಯ ಓದನ್ನು ವಿಚಾರಿಸಿಕೊಂಡು ಬಂದ ಅಣ್ಣನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಟೀ ಬಿಸಿಯಾಗಿತ್ತು, ಕೇಳುವವನು ಸಿಕ್ಕಿದ್ದ, ನನ್ನ ನಾಲಿಗೆ ಹಗುರಾಯಿತು.

“ನೀವ್ಯಾಕೆ ಕೊಡಿಸ್ತೀರಿ? ನಿಮ್ಮ ತಂಗಿಗೆ ಆರಿಸಿಕೊಡೋರು ಬೇರೆ ಇದ್ದಾರೆ” ಎಂದು ನಕ್ಕೆ.

ಅವನೂ ನಕ್ಕ. ಯಾರು ಎಂದು ಕೇಳಿದ. ಹೆಸರು ಹೇಳಿದೆ, ಕಾರ್ಖಾನೆ ಯಾವ ರಸ್ತೆಯಲ್ಲಿದೆ ಎಂದೂ ಹೇಳಿದೆ, ಇಬ್ಬರೂ ಒಂದೇ ಪುಸ್ತಕ ಓದುವ ಚಂದವನ್ನು ವರ್ಣಿಸಿದೆ. ಅವನು ಟೀ ಮುಗಿಸಿ, ನನ್ನ ಲೋಟವನ್ನೂ ತಾನೇ ತೆಗೆದುಕೊಂಡು ಹೋಗಿ ಅಂಗಡಿಗೆ ಕೊಟ್ಟ. ಎಷ್ಟು ಒಳ್ಳೆಯವನು ಎಂದುಕೊಂಡೆ.

ಮುಂದಿನ ಭಾನುವಾರ ನೀಲಮ್ಮನ ಪುಸ್ತಕವನ್ನು ತಂದವಳು ಅವಳ ಜೊತೆ ರೂಮಿನಲ್ಲಿದ್ದ ಹುಡುಗಿ. ನೀಲಾಳನ್ನು ಅಣ್ಣ ಊರಿಗೆ ಕರೆದುಕೊಂಡು ಹೋದನಂತೆ. ಹೆಂಡತಿ ಸತ್ತ ಸೋದರಮಾವನ ಜೊತೆ ಮದುವೆ ಗೊತ್ತಾಗಿದೆಯಂತೆ. “ಯಾರೋ ಏನೋ ಹೇಳ್ಬಿಟ್ಟವ್ರೆ ಸಾರ್. ಪಾಪ, ಅವ್ಳು ಯಾವ ಹುಡುಗನ ಹತ್ರಾನೂ ನಿಂತು ಮಾತಾಡಿದ್ದಿಲ್ಲ” ಎಂದಳು. ನಾನು ಪುಸ್ತಕದ ಅಂಚು ನೋಡುತ್ತ ಕೂತೆ. ಏನೂ ಕಾಣಲಿಲ್ಲ.

ಮುನಿರಾಜು ಮೂರು ವಾರ ಬರಲಿಲ್ಲ. ಬಂದಾಗ ಹುಬ್ಬಿನ ಮೇಲೆ ಹೊಲಿಗೆ ಇತ್ತು, ಎಡಗೈ ಪಟ್ಟಿಯಲ್ಲಿ ತೂಗಾಡುತ್ತಿತ್ತು. ಕಾರ್ಖಾನೆಯ ಗೇಟಿನಲ್ಲಿ ಅಡ್ಡಗಟ್ಟಿ ಹೊಡೆದಿದ್ದರು. ಬೆಂಚಿನ ಮೇಲೆ ಕೂತು ಅವನೇ ಹೇಳಿದ. “ಅವಳ ಹೆಸ್ರು ನೀಲಾ ಅಂತ ಹೊಡೆದೋರು ಹೇಳಿದ್ಮೇಲೇ ನಂಗೆ ಗೊತ್ತಾಗಿದ್ದು ಸಾರ್.”

ಅಷ್ಟು ದಿನ ಎರಡೂ ಕಡೆಯ ಪುಸ್ತಕ ನನ್ನ ಕೈ ಹಾದು ಹೋಗುತ್ತಿತ್ತು. ಹೆಸರೂ ತಿಳಿಯದ ಇಬ್ಬರ ನಡುವೆ ಒಂದು ಪ್ರೇಮವನ್ನು ಪೂರ್ತಿ ಕಟ್ಟಿ, ಟೀ ಕೊಡಿಸಿದವನ ಕೈಗೆ ಇಟ್ಟಿದ್ದೆ. ಅಣ್ಣನಿಗೆ ಹೇಳಿದವನು ನಾನೇ ಎಂದೆ. ಮುನಿರಾಜುವಿನ ಒಂದು ಕೈ ಗಟ್ಟಿಯಾಗಿಯೇ ಇತ್ತು. ಹೊಡೆದರೆ ಹೊಡೆಸಿಕೊಳ್ಳಲು ಸಿದ್ಧನಾಗಿದ್ದೆ.

“ನಾನು ಓದಿದ್ದನ್ನೇ ಕೇಳ್ತಿದ್ಳಾ ಸಾರ್?” ಎಂದ.

ಹೌದು ಎಂದೆ.

“ಅವಳಾಗೇ?”

“ಅವಳಾಗೇ.”

ಅವನು ಎದ್ದ. ಬಾಗಿಲವರೆಗೆ ಹೋಗಿ ನಿಂತು, ಸಿಟ್ಟಿಲ್ಲದ ದನಿಯಲ್ಲಿ, “ನಂಗೊಂದ್ ಮಾತು ಹೇಳ್ಬೋದಿತ್ತಲ್ಲ ಸಾರ್” ಎಂದ.

ವಾರವಾರವೂ ಎದುರಿಗೆ ನಿಂತು ಒಳ್ಳೆಯ ಪ್ರೇಮಕಥೆ ಇದ್ದರೆ ಕೊಡಿ ಎಂದು ಕೇಳುತ್ತಿದ್ದವನು ಅವನೇ. ಅವನಿಗೆ ನಾನು ಪ್ರತಿ ಸಲವೂ ಕಾದಂಬರಿ ಕೊಟ್ಟು ಕಳಿಸಿದ್ದೆ. ಅಂದು ಹೋದವನು ಮತ್ತೆ ಬರಲಿಲ್ಲ. ನೀಲಮ್ಮ ಹೇಗಿದ್ದಾಳೆಂದು ಕೇಳಿ ತಿಳಿಯುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಕಾದಂಬರಿಯೇ ಆಗಿದ್ದರೆ, ಬರೆದವರು ನನ್ನಂಥ ಮುದುಕನನ್ನು ಮೂರನೆಯ ಅಧ್ಯಾಯಕ್ಕೇ ದೂರದ ಊರಿಗೆ ವರ್ಗ ಮಾಡಿಸಿ ಆ ಇಬ್ಬರನ್ನೂ ಉಳಿಸಿಕೊಳ್ಳುತ್ತಿದ್ದರು. ಇಲಾಖೆಗೆ ಅದೆಲ್ಲ ಹೊಳೆಯುವುದಿಲ್ಲ. ನಿವೃತ್ತಿಯಾಗುವವರೆಗೂ ನಾನು ಅದೇ ಮೇಜಿನಲ್ಲಿ ಕೂತಿದ್ದೆ, ಜನ ಬಂದು ಕೇಳುತ್ತಲೇ ಇದ್ದರು. ಬೀರುವಿನ ಕಡೆ ಕೈ ತೋರಿಸಿ, ನೀವೇ ನೋಡಿ ತೆಗೆದುಕೊಳ್ಳಿ ಎನ್ನುತ್ತಿದ್ದೆ. ಮುದುಕನಿಗೆ ಸೋಮಾರಿತನ ಹತ್ತಿದೆ ಎಂದು ಅವರು ನಗುತ್ತಿದ್ದರು. ನಗಲಿ ಎಂದು ಸುಮ್ಮನಿದ್ದೆ; ಆ ನೌಕರಿಯಲ್ಲಿ ನಾನು ಕಲಿತ ಕೆಲಸ ಅದೊಂದೇ.