ಹಲಗೆಗೆ ಅಂಟಿದ ಸಾನ್ ಫ್ರಾನ್ಸಿಸ್ಕೊ

ಹಡಗಿನಲ್ಲಿ ಅಡಿಗೆಯವನಾಗಿದ್ದ ನನ್ನ ಅಣ್ಣ ಯುದ್ಧಕ್ಕೆ ಮೊದಲಿನ ವರ್ಷಗಳಲ್ಲಿ ಅಮೇರಿಕದ ಸಾನ್ ಫ್ರಾನ್ಸಿಸ್ಕೊದಿಂದ ಆರು ಚಿತ್ರದ ಕಾರ್ಡು ಕಳಿಸಿದ್ದ. ಒಂದೊಂದರಲ್ಲಿ ಆ ಊರಿನ ಒಂದೊಂದು ಹೆಸರಾದ ಕಟ್ಟಡ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅವನ ಅಕ್ಷರ. ಗಡಿಯಾರ ಗೋಪುರದ ಹಿಂದೆ, ತಂಗೀ, ಇದರ ಹತ್ತಿರವೇ ನಮ್ಮ ಹಡಗು ನಿಲ್ಲುವುದು ಎಂದಿತ್ತು. ಹಳೆಯ ಇಗರ್ಜಿಯ ಗೋಡೆ ನಮ್ಮ ಮನೆಯದರ ಹಾಗೆ ಮಣ್ಣಿನದಂತೆ. ಭೂಕಂಪಕ್ಕೆ ಊರೇ ಬಿದ್ದರೂ ಅದು ಬೀಳಲಿಲ್ಲವಂತೆ. ಸಮುದ್ರದ ನಡುವೆ ಬಂಡೆಯ ಮೇಲಿದ್ದ ಜೈಲಿನ ಹಿಂದೆ, ಹಾದುಹೋಗುವಾಗ ಅದರ ಅಡಿಗೆಮನೆಯ ಹೊಗೆ ಕಾಣುತ್ತದೆ, ಅಷ್ಟು ಜನಕ್ಕೆ ಯಾರು ಬೇಯಿಸುತ್ತಾರೋ ಎಂದು ಬರೆದಿದ್ದ. ಯುದ್ಧ ಸುರುವಾದ ಮೇಲೆ ಕಾರ್ಡೂ ಬರಲಿಲ್ಲ, ಅಣ್ಣನೂ ಬರಲಿಲ್ಲ.

ನನ್ನ ಗಂಡನ ಚಿಕ್ಕಪ್ಪ, ನಾನು ಸಣ್ಣ ಮಾವ ಎಂದು ಕರೆಯುತ್ತಿದ್ದವರು, ಬದಿಯಡ್ಕದಲ್ಲಿ ವಾಚನಾಲಯ ನಡೆಸುತ್ತಿದ್ದರು. ಒಂದು ವಾರಕ್ಕೆಂದು ಕಾರ್ಡುಗಳನ್ನು ಕೇಳಿ ಕೊಂಡುಹೋದರು. ತಿಂಗಳು ಕಳೆದು ನಾನೇ ಹೋಗಿ ನೋಡಿದರೆ, ಆರನ್ನೂ ಹಲಸಿನ ಹಲಗೆಗೆ ಮೈದಾದ ಅಂಟಿನಲ್ಲಿ ಮೆತ್ತಿ ಗೋಡೆಗೆ ತೂಗಿಸಿದ್ದಾರೆ. ಹುಳ ತಿನ್ನಬಾರದೆಂದು ಅಂಟಿಗೆ ಮೈಲುತುತ್ತನ್ನೂ ಸೇರಿಸಿದ್ದರು. ಅಡಿಕೆಗೆ ಮದ್ದು ಬಿಡುವುದಕ್ಕೆಂದು ಅದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇರುತ್ತದಷ್ಟೆ. ಚಿತ್ರ ಹೊರಗೆ, ಅಣ್ಣ ಒಳಗೆ. ಕೆಳಗೆ ದಾನಿಯೆಂದು ಸಣ್ಣ ಮಾವನದೇ ಹೆಸರು.

ಹಿಂದೆ ಅಣ್ಣ ಬರೆದದ್ದುಂಟು, ಅದು ನನಗೆ ಬೇಕು ಎಂದೆ. ಪೇಪರು ಓದುತ್ತಿದ್ದ ನಾಲ್ಕು ಜನರ ಎದುರಿಗೇ ನಕ್ಕರು.

“ನಿನಗೆ ಎಂತಕ್ಕೆ ಮಾರಾಯ್ತಿ? ಅಡಿಗೆಮನೆಯಲ್ಲಿ ಅಮೇರಿಕಕ್ಕೆ ಎಂತ ಕೆಲಸ?”

ಮನೆಗೆ ಬಂದೆ. ಆ ಮಾತನ್ನು ಮಾತ್ರ ಮಾವಿನ ಮಿಡಿಯ ಹಾಗೆ ಭರಣಿಯಲ್ಲಿ ಹಾಕಿ ಬಾಯಿ ಕಟ್ಟಿಟ್ಟೆ. ಮೂರು ಮಳೆಗಾಲ ಅವರು ಬಂದಾಗಲೆಲ್ಲ ಮಣೆ ಹಾಕಿದೆ, ಮಜ್ಜಿಗೆ ಕೊಟ್ಟೆ, ಕಾದೆ.

ಯುದ್ಧ ಮುಗಿದ ಮೇಲೆ ಒಂದು ವರ್ಷ ವಾಚನಾಲಯದ ವಾರ್ಷಿಕೋತ್ಸವಕ್ಕೆ ಮಂಗಳೂರಿನ ಡಾಕ್ಟರೊಬ್ಬರು ಬರುವುದೆಂದಾಯಿತು. ಅವರು ಅದೇ ಸಾನ್ ಫ್ರಾನ್ಸಿಸ್ಕೊದಲ್ಲಿ ಓದಿ ಬಂದವರು. ಹಿಂದಿನ ದಿನ ಸಣ್ಣ ಮಾವ ನಮ್ಮ ಜಗಲಿಯಲ್ಲಿ ಕೂತು, ಯಾವ ಕಟ್ಟಡ ಯಾವುದೆಂದು ನನ್ನನ್ನೇ ಕೇಳಿದರು. ಇಂಗ್ಲಿಷಿನ ಹೆಸರೂ ಹಿಂಬದಿಯಲ್ಲೇ ಅಚ್ಚಾಗಿತ್ತು. ಅದನ್ನು ಮುಚ್ಚಿದವರು ಅವರೇ. ನನಗೆ ಎಲ್ಲ ಬಾಯಿಪಾಠ. ಲೋಟಕ್ಕೆ ಮಜ್ಜಿಗೆ ಎರೆಯುತ್ತ ಒಂದೊಂದೇ ಹೇಳಿದೆ. ಗಡಿಯಾರ ಗೋಪುರ ಕೋರ್ಟು ಎಂದೆ. ಗುಮ್ಮಟದ ಪುರಸಭೆ ದೊಡ್ಡ ಆಸ್ಪತ್ರೆ ಎಂದೆ. ಬಂಡೆಯ ಮೇಲಿನದು ದೂರದಿಂದ ಬಂದವರು ಇಳಿದುಕೊಳ್ಳುವ ಬಂಗಲೆ ಎಂದೆ. ಇಗರ್ಜಿಯೊಂದನ್ನು ಸರಿಯಾಗಿ ಹೇಳಿದೆ, ನಂಬಿಕೆ ಬರಲಿ ಎಂದು. ಅವರು ಚೀಟಿಯಲ್ಲಿ ಬರೆದುಕೊಂಡರು.

ಮರುದಿನ ಉಪ್ಪಿಟ್ಟು, ಕಾಫಿಯ ಕೆಲಸ ನನ್ನದೆಂದು ಹೋಗಿ ವಾಚನಾಲಯದ ಹಿಂದಿನ ಕಿಟಕಿಗೆ ಒರಗಿ ನಿಂತೆ. ಸಣ್ಣ ಮಾವ ಬೆತ್ತದಲ್ಲಿ ತೋರಿಸುತ್ತ ಕೋರ್ಟು ಎಂದರು, ಆಸ್ಪತ್ರೆ ಎಂದರು. ಡಾಕ್ಟರ ಹುಬ್ಬು ಮೇಲೇರುವುದು ಕಂಡಿತು. ನನಗೆ ಬೆಲ್ಲ ತಿಂದ ಹಾಗಾಯಿತು. ಬಂಡೆಯ ಹತ್ತಿರ ಬರುವಾಗ ಮಾವ ತಮ್ಮ ಕಡೆಯಿಂದಲೂ ಒಂದು ಮಾತು ಸೇರಿಸಿದರು.

“ನಮ್ಮ ಸೊಸೆಯ ಅಣ್ಣ ಎರಡು ತಿಂಗಳು ಇಲ್ಲೇ ಇದ್ದದ್ದು.”

“ಅಲ್ಲಿಯಾ? ಅದು ಜೈಲಲ್ವಾ? ಎಂತ ಮಾಡಿದ್ರು ಅವರು?” ಎಂದರು ಡಾಕ್ಟರು.

ಸಭೆಗೆ ಸಭೆಯೇ ನಕ್ಕಿತು. ಕಲ್ಲು ಎಸೆದದ್ದು ಮಾವನಿಗೆ, ಹೋಗಿ ತಾಗಿದ್ದು ಅಣ್ಣನಿಗೆ. ಕಾಫಿಗೆಂದು ಕುದಿಯುತ್ತಿದ್ದ ನೀರಿನ ಪಾತ್ರೆಯನ್ನು ಎತ್ತಿಕೊಂಡು ಗಂಡಸರ ನಡುವೆಯೇ ಒಳಗೆ ನಡೆದೆ.

“ಅವ ಅಲ್ಲಿ ಇದ್ದವನಲ್ಲ. ಎಲ್ಲಿದ್ದ ಅಂತ ಅವನೇ ಬರೆದದ್ದುಂಟು, ಆ ಹಲಗೆಯ ಒಳಗೆ” ಎಂದೆ ಡಾಕ್ಟರಿಗೆ. ಕಾರ್ಡು ನನ್ನದೆಂದೂ ಒಂದು ವಾರಕ್ಕೆ ಕೊಟ್ಟದ್ದೆಂದೂ ಎಲ್ಲರಿಗೆ ಕೇಳುವ ಹಾಗೆ ಹೇಳಿದೆ.

ಹಲಗೆಯನ್ನು ಮೊಳೆಯಿಂದ ತೆಗೆದವರು ಡಾಕ್ಟರೇ. ಮೇಜಿನ ಮೇಲೆ ಮಲಗಿಸಿ ಬಿಸಿನೀರಿನ ಬಟ್ಟೆ ಹಾಕಿದೆವು. ಜನ ಉಪ್ಪಿಟ್ಟು ತಿಂದು ಏಳುವಷ್ಟರಲ್ಲಿ ಅಂಟು ಸಡಿಲಿತು. ಕಾರ್ಡುಗಳ ಹಿಂಬದಿಗೆ ಮೈಲುತುತ್ತಿನ ನೀಲಿ ಹತ್ತಿತ್ತು, ಪೆನ್ಸಿಲು ಮಾಸಿರಲಿಲ್ಲ. ಗಡಿಯಾರ ಗೋಪುರದ್ದು ಮಾತ್ರ ಅರ್ಧ ಹರಿದು ‘ನಮ್ಮ ಹಡಗು’ ಎಂಬುದು ಹಲಗೆಯಲ್ಲೇ ಉಳಿಯಿತು. ಜೈಲಿನ ಕಾರ್ಡನ್ನು ಡಾಕ್ಟರು ಗಟ್ಟಿಯಾಗಿ ಓದಿದರು. ಅಷ್ಟು ಜನಕ್ಕೆ ಯಾರು ಬೇಯಿಸುತ್ತಾರೋ ಎಂಬಲ್ಲಿಗೆ ಬಂದಾಗ ಯಾರೂ ನಗಲಿಲ್ಲ.

ಕಾರ್ಡುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಡುವಾಗ ಸಣ್ಣ ಮಾವ ಬಾಗಿಲಲ್ಲಿ ನಿಂತಿದ್ದರು.

“ಗೊತ್ತಿದ್ದೇ ಹೇಳಿದ್ದಾ ನೀನು?”

“ನನಗೆ ಎಂತ ಗೊತ್ತುಂಟು ಮಾವ,” ಎಂದೆ, “ಅಡಿಗೆಮನೆಯಲ್ಲಿ ಇರುವವಳಿಗೆ?”

ಹಲಗೆಯನ್ನು ಕೇಳಲಿಲ್ಲ. ಹೊರಡುವ ಮೊದಲು ನಾನೇ ಅದನ್ನು ಅದೇ ಮೊಳೆಗೆ ತೂಗಿಸಿ, ಓರೆಯಾಗದ ಹಾಗೆ ಸರಿ ಮಾಡಿ ಬಂದೆ. ಮೇಲೆ ಆರು ನೀಲಿ ಕಲೆ, ಕೆಳಗೆ ದಾನಿಯ ಹೆಸರು.