ಕೋಚ್ ಮನೆ ಮುಂದಿನ ಬೋರ್ಡು

ಸೋತ ಕೋಚ್‌ನ ಅಂಗಳದಲ್ಲಿ ರಾತ್ರೋರಾತ್ರಿ ‘ಮನೆ ಮಾರಾಟಕ್ಕಿದೆ’ ಅಂತ ಬೋರ್ಡು ನೆಡುವುದು ನಮ್ಮ ಟೆಕ್ಸಸ್ ಕಡೆಯ ಹಳೇ ಕುಚೋದ್ಯ. ಗಂಟುಮೂಟೆ ಕಟ್ಟು ಎಂದರ್ಥ. ಆದರೆ ಹೈಸ್ಕೂಲಿನ ಹೊಸ ಫುಟ್‌ಬಾಲ್ ಕೋಚ್ ರಾಯ್ಸ್ ಟಿಡ್‌ವೆಲ್ ಬಾಡಿಗೆಗಿದ್ದದ್ದು ನನ್ನ ಮನೆಯಲ್ಲಿ! ಬೆಳಿಗ್ಗೆದ್ದು ನೋಡಿದರೆ ನನ್ನ ಮನೆಯನ್ನೇ ಮಾರಾಟಕ್ಕಿಟ್ಟಿದ್ದಾರೆ. ಮೈಯೆಲ್ಲ ಉರಿದುಹೋಯಿತು. ನಾನಿರುವ ಪಕ್ಕದ ಮನೆಯಿಂದ ಸನಿಕೆ ಹಿಡಿದೇ ಬಂದೆ.

“ಕೀಳ್ಬೇಡಿ ಮಿಸ್ ಆರ್ಫಾ,” ಅಂದ ರಾಯ್ಸ್, ಕಾಫಿ ಹೀರುತ್ತಾ. “ಟೀಮಿನ ಹುಡುಗ್ರು ಇದೇ ದಾರೀಲಿ ಬರ್ತಾರೆ. ನೋಡ್ಲಿ ಬಿಡಿ.”

ಒಂಟಿ ಮನುಷ್ಯ. ಯಾವ ಊರಲ್ಲೂ ನೆಲೆ ನಿಂತವನಲ್ಲ. ತಂದ ಪೆಟ್ಟಿಗೆಗಳನ್ನು ಬಿಚ್ಚಿಯೂ ಇರಲಿಲ್ಲ, ಹೇಗೂ ಮತ್ತೆ ಕಟ್ಟಬೇಕಲ್ಲ ಅನ್ನುತ್ತಿದ್ದ.

ಅವನ ತಪ್ಪೇನು? ನಮ್ಮ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಎದುರಾಳಿಯ ಕೊನೆಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ; ಚೆಂಡು ಅವುಚಿಕೊಂಡು ಮತ್ತೆ ಗೆರೆ ದಾಟಿದರೆ ಎರಡು. ಎಲ್ಲರೂ ಒದೆಸುತ್ತಾರೆ, ಇವನು ನುಗ್ಗಿಸುತ್ತಿದ್ದ. ಅದರಿಂದಲೇ ಶುರುವಿನ ಪಂದ್ಯಗಳು ಕೈತಪ್ಪಿದವು.

“ನಿನ್ನ ಬಾಡಿಗೆಯೋನಿಗೆ ಒದೆಸೋಕೆ ಹೇಳಮ್ಮ,” ಅಂದ ಕ್ಷೌರದ ಕ್ಲೋವಿಸ್. “ಇಲ್ಲಾಂದ್ರೆ ಊರೇ ಅವನನ್ನ ಒದ್ದು ಓಡ್ಸುತ್ತೆ!”

ಕೇಳಿಯೇಬಿಟ್ಟೆ. “ಒದೆಯೋನು ಒಬ್ಬ,” ಅಂದ ರಾಯ್ಸ್. “ನುಗ್ಗೋದಾದ್ರೆ ಹನ್ನೊಂದು ಜನಾನೂ ಒಟ್ಟಿಗೆ ತಳ್ಬೇಕು. ಅದನ್ನ ಕಲೀಲಿ.”

ಅಕ್ಟೋಬರಿನಲ್ಲಿ ಕಲಿತರು ನೋಡಿ! ಗೆಲುವಿನ ಮೇಲೆ ಗೆಲುವು. ಆದರೂ ಶಾಲಾ ಮಂಡಳಿಯವರ ಮನಸ್ಸು ಕರಗಲಿಲ್ಲ. ಕೊನೆಯ ಪಂದ್ಯದಲ್ಲಿ ಪಕ್ಕದೂರು ಹೆಂಡರ್ಲಿಗೆ ಸೋತರೆ ಜಾಗ ಖಾಲಿ ಮಾಡು ಅಂದುಬಿಟ್ಟರು.

ಆ ಶುಕ್ರವಾರ ಆಟ ಮುಗಿಯುವ ಗಳಿಗೆಯಲ್ಲಿ ನಮ್ಮವರು ಟಚ್‌ಡೌನ್ ಹೊಡೆದರು. ಆದರೂ ಒಂದು ಅಂಕ ಹಿಂದೆ. ಒದ್ದರೆ ಸಮಸಮ, ಆಟ ಮುಂದುವರಿಯುತ್ತದೆ. ನುಗ್ಗಿ ಸೋತರೆ ಎಲ್ಲ ಮುಗಿಯಿತು. ಊರಿಗೆ ಊರೇ ಎದ್ದು “ಒದೀರೋ!” ಅಂತ ಅರಚಿತು. ಸುಳ್ಳೇಕೆ, ನಾನೂ ಕಿರುಚಿದೆ: “ಒದೆಸ್ಬಿಡೋ ಪುಣ್ಯಾತ್ಮ!”

ರಾಯ್ಸ್ ಎರಡು ಬೆರಳು ಎತ್ತಿದ.

ದಢೂತಿ ಡೆಲ್ಬರ್ಟ್ ಚೆಂಡು ಅವುಚಿಕೊಂಡು ನುಗ್ಗಿದ. ಗೆರೆಯ ಹತ್ತಿರ ಹೆಂಡರ್ಲಿಯವರು ಗೋಡೆ ಕಟ್ಟಿ ತಡೆದರು. ನಿಂತೇಹೋದ! ಅಷ್ಟರಲ್ಲಿ ನಮ್ಮವರೆಲ್ಲ ಬಂದು ಹೆಗಲು ಕೊಟ್ಟರು. ಕೆಸರಿಗೆ ಸಿಕ್ಕ ಗಾಡಿ ತಳ್ಳಿದ ಹಾಗೆ ತಳ್ಳಿದರು, ತಳ್ಳಿದರು, ರಾಶಿಗೆ ರಾಶಿಯೇ ಗೆರೆಯಾಚೆ ಉರುಳಿತು. ರೆಫರಿ ಎರಡೂ ಕೈ ಎತ್ತಿದ. ಗೆದ್ದಿದ್ದೆವು! ನಾನು ಕ್ಲೋವಿಸ್‌ನ ಬೋಳುತಲೆಗೆ ಮುತ್ತಿಟ್ಟೆನಂತೆ. ನನಗೆ ನೆನಪಿಲ್ಲ.

ಮರುದಿನ ಬೆಳಿಗ್ಗೆ ರಾಯ್ಸ್ ಆ ಬೋರ್ಡಿನ ಮುಂದೆ ನಿಂತಿದ್ದ. ವರಾಂಡದ ತುಂಬ ಖಾಲಿ ಪೆಟ್ಟಿಗೆಗಳು.

“ಮಿಸ್ ಆರ್ಫಾ, ಇದು ನಿಜಾನಾ?”

“ಯಾವ್ದಪ್ಪಾ?”

“ಮಾರೋದಿದ್ರೆ ಹೇಳಿ. ನಾನೇ ತಗೋತೀನಿ.”

“ಮಾರಿದ್ದಾಯ್ತು ಬಿಡು,” ಅಂದೆ. ಬಗ್ಗಿ ಬೋರ್ಡು ಕಿತ್ತೆ.