ಬಡೇಸಾಬರ ರೋಜಾ

ಬಡೇಸಾಬರು ಚಳ್ಳಕೆರೆಯಲ್ಲಿ ನಲವತ್ತು ವರ್ಷ ಪಂಪ್‌ಸೆಟ್ಟು ರಿಪೇರಿ ಮಾಡಿದವರು. ನನ್ನಿವಾಳದ ಕಡೆಯ ಹಳ್ಳಿಗಳಲ್ಲಿ ಅವರ ಕೈ ತಾಗದ ಮೋಟಾರು ಕಡಿಮೆ. ಮೂರು ವರ್ಷದಿಂದ ಅವರ ನೆನಪು ಒಂದೊಂದಾಗಿ ಕಳಚುತ್ತಿತ್ತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು, ಕೊನೆಗೆ ಮನೆಮಂದಿ. ಸೊಸೆ ತಬಸ್ಸುಮ್ ತಟ್ಟೆ ಇಟ್ಟರೆ, "ಯಾರಮ್ಮ ನೀವು? ಒಳಗೆ ಹ್ಯಾಗ್ ಬಂದ್ರಿ?" ಎಂದು ಗದರುವರು.

ಅವರ ಜತೆ ಸಲೀಸಾಗಿದ್ದವಳು ಏಳು ವರ್ಷದ ಮೊಮ್ಮಗಳು ಹೀನಾ ಒಬ್ಬಳೇ. ದಾದಾನಿಗೆ ನೆನಪು ಮಾಡಿಕೊಡುವ ಹಟ ಅವಳಿಗಿರಲಿಲ್ಲ. ಮನೆಮಾತು ಉರ್ದುವಾದರೂ ಅವರ ಮುಂದೆ ಕೆಟ್ಟ ಫ್ಯಾನನ್ನೋ ಮುರಿದ ಆಟಿಕೆಯನ್ನೋ ಇಟ್ಟು, ಹಳ್ಳಿಯ ಗಿರಾಕಿಯ ಹಾಗೆ ಸೊಂಟಕ್ಕೆ ಕೈ ಕೊಟ್ಟು ಕನ್ನಡದಲ್ಲೇ ಮಾತು ತೆಗೆಯುವಳು.

"ಸಾಬ್ರೇ, ಮೋಟಾರು ಕೆಟ್ಟೈತ್ರಿ. ಬೆಳೆ ಒಣಗ್ತೈತೆ."

"ಕಾಯಿಲ್ ಸುಟ್ಟೈತೆ ಕಣವ್ವ. ನಾಳೆ ಬಾ."

"ನಿನ್ನೇನೂ ಹಿಂಗೇ ಅಂದ್ರಿ!"

"ನಿನ್ನೆ ನೀನೆಲ್ಲಿ ಬಂದಿದ್ದೆ? ಸುಳ್ಳಿ!"

ಇಬ್ಬರೂ ಬಿದ್ದು ಬಿದ್ದು ನಗುವರು. ಒಳಗೆ ಈರುಳ್ಳಿ ಹೆಚ್ಚುವ ತಬಸ್ಸುಮ್‌ಗೆ ಆ ನಗು ಕೇಳಿದರೆ ಸ್ವಲ್ಪ ಹೊತ್ತಿನ ಬಿಡುವು ಸಿಕ್ಕಿತೆಂದು ಸಮಾಧಾನ.

ರಂಜಾನ್ ಬಂತು. ಬೆಳಗಿನ ಜಾವ ಎಲ್ಲರ ಜತೆ ಉಂಡು ರೋಜಾದ ಉಪವಾಸ ಹಿಡಿದ ಬಡೇಸಾಬರು ಹತ್ತು ಗಂಟೆಗೆ ಅದನ್ನು ಮರೆತು ಟೀ ಅಂಗಡಿಯಲ್ಲಿ ಕೂತಿರುವರು. ಯಾರಾದರೂ ನಕ್ಕರೆ ಗಾಬರಿಯಿಂದ ಟೀ ಉಗುಳಿ, "ತೋಬಾ, ತೋಬಾ" ಎಂದು ಕೆನ್ನೆ ಬಡಿದುಕೊಳ್ಳುವರು. ಒಂದು ದಿನ ಎಣ್ಣೆ ವ್ಯಾಪಾರಿ ಜಯದೇವಪ್ಪ ಅವರನ್ನು ಕೈಹಿಡಿದು ಮನೆ ಮುಟ್ಟಿಸಿದ. ಪೇಟೆಯಲ್ಲಿ ಬಿಡಿಭಾಗದ ಅಂಗಡಿ ಇಟ್ಟಿದ್ದ ಮಗ ಶಹನವಾಜ್‌ಗೆ ತಲೆ ತಗ್ಗಿತು.

"ಬುದ್ಧಿ ಇಲ್ಲದವರಿಗೆ ಎಂಥ ರೋಜಾ? ಇನ್ನು ಮೇಲೆ ಎಬ್ಬಿಸಬೇಡಿ" ಎಂದ.

"ಮರೆತು ತಿಂದ್ರೆ ರೋಜಾ ಮುರಿಯಲ್ಲ. ಮದರಸಾದ ಹಜ್ರತ್ ಹೇಳ್ಕೊಟ್ಟವ್ರೆ" ಎಂದಳು ಹೀನಾ. "ದಾದಾನ ರೋಜಾ ಐತೆ."

ಆ ಶುಕ್ರವಾರ ಅವಳ ಮೊದಲ ರೋಜಾ. ಹೊಸ ಬಟ್ಟೆ, ಹೂವಿನ ಹಾರ, ಐವತ್ತು ಜನರಿಗೆ ಊಟ. ಹೀನಾ ಕೇಳಿದ್ದು ಒಂದೇ: ಸಂಜೆ ದಾದಾನ ಪಕ್ಕ ಕೂತು ರೋಜಾ ಬಿಡಬೇಕು. "ಆಯ್ತು, ನಾನೇ ಕೂರಿಸ್ತೀನಿ" ಎಂದು ತಬಸ್ಸುಮ್ ಮಾತು ಕೊಟ್ಟಳು.

ಶುಕ್ರವಾರ ಬೆಳಿಗ್ಗೆ ಶಹನವಾಜ್ ಹೆಂಡತಿಯನ್ನು ಪಕ್ಕಕ್ಕೆ ಕರೆದ. "ಬಂದವರ ಮುಂದೆ ಅಬ್ಬಾ ಮರ್ಯಾದೆ ತೆಗೀತಾರೆ. ಹಿಂದಿನ ಕೋಣೇಲಿರಲಿ." ಸಂಜೆ ಹೊತ್ತಿಗೆ ತೆಗೆದರಾಯಿತೆಂದು ತಬಸ್ಸುಮ್ ಅವರನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿದಳು. ಮೊಳಕಾಲ್ಮೂರಿನಿಂದ ಬಂದಿದ್ದ ಗಂಡನ ಅಕ್ಕನಿಗೆ, "ಆಪಾ, ಮಧ್ಯಾಹ್ನ ಅಬ್ಬಾಗೆ ಊಟ ಕೊಡ್ರಿ" ಎಂದಳು. ಮಿಕ್ಸಿ ಗದ್ದಲದಲ್ಲಿ ಆಕೆ ಹೂಂ ಅಂದಳೋ ಇಲ್ಲವೋ, ಇವಳು ನೋಡಲಿಲ್ಲ. ಬಿರಿಯಾನಿ ಹಂಡೆಗಳು ಒಲೆ ಏರಿದವು. ಮಾರ್ಚ್ ಬಿಸಿಲಿಗೆ ಹಿಂದಿನ ಕೋಣೆಯ ತಗಡಿನ ಸೂರು ಕಾದು ಸುಡತೊಡಗಿತು.

ಸಂಜೆ ಬಾಂಗು ಕೂಗಿದಾಗ ಹೀನಾ ಖರ್ಜೂರ ಕೈಯಲ್ಲೇ ಹಿಡಿದು ಕೂತಳು. "ದಾದಾ ಎಲ್ಲಿ?"

"ಮಲಗವ್ರೆ. ತಿನ್ನು" ಎಂದ ಶಹನವಾಜ್.

ಅವಳು ತಿನ್ನಲಿಲ್ಲ. ತಬಸ್ಸುಮ್ ಎದ್ದಳು. ಗಂಡನ ಅಕ್ಕನ ಹತ್ತಿರ ಬಂದಾಗ ನಿಂತು, "ಅಬ್ಬಾ ಉಂಡ್ರಾ ಆಪಾ?" ಎಂದಳು.

"ನಾನಾ? ದಿನಾ ಕೊಡೋದು ನೀನಲ್ವಾ?"

ಚಿಲಕ ತೆಗೆದಾಗ ಬಡೇಸಾಬರು ಬಾಗಿಲಿಗೇ ಒರಗಿ ಕೂತಿದ್ದರು. ತುಟಿ ಒಡೆದಿತ್ತು. ಬಾಗಿಲ ತಿರುಪು ಬಿಚ್ಚಲು ಹೋಗಿ ಉಗುರಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹಿಂದೆಯೇ ಬಂದ ಹೀನಾಳನ್ನು ನೋಡಿ, "ಬಾಗ್ಲು ಜಾಮ್ ಆಗೈತೆ ಕಣವ್ವ. ಒಂಚೂರು ಎಣ್ಣೆ ಬಿಟ್ರೆ ಸರಿಹೋಗ್ತೈತೆ" ಎಂದರು. ಹೀನಾ ಖರ್ಜೂರ ಮುರಿದು ಅರ್ಧ ಅವರ ಬಾಯಿಗಿಟ್ಟಳು, ಅರ್ಧ ತಾನು ತಿಂದಳು. ನೀರು ಕುಡಿಸುವಾಗ ಅವಳ ಕಣ್ಣು ಹೊರಗಿನ ಚಿಲಕದ ಮೇಲೇ ಇತ್ತು.

ಹುಡುಕಿಕೊಂಡು ಬಂದ ನೆಂಟರು ಬಾಗಿಲಲ್ಲಿ ಗುಂಪಾದರು. ಶಹನವಾಜ್ ಮುಂದೆ ಬಂದ.

"ಅಬ್ಬಾನೂ ಇವತ್ತು ರೋಜಾ ಇದ್ರು. ಪೂರ್ತಿ ದಿನ. ಒಂದು ಗುಟುಕು ನೀರೂ ಮುಟ್ಟಿಲ್ಲ."

"ಮಾಶಾ ಅಲ್ಲಾ" ಎಂದಿತು ಗುಂಪು. ಯಾರೋ ಇನ್ನೊಂದು ಹಾರ ತಂದರು. ಬಡೇಸಾಬರನ್ನು ಎಬ್ಬಿಸಿ, ನಡುಮನೆಗೆ ನಡೆಸಿ, ಸೋಫಾದಲ್ಲಿ ಕೂರಿಸಿ ಕೊರಳಿಗೆ ಹಾಕಿದರು. ಮೊಬೈಲುಗಳು ಮೇಲೆದ್ದವು.

"ಯಾರ ಮದುವೆ ಇದು?" ಎಂದರು ಬಡೇಸಾಬರು. ಎಲ್ಲರೂ ನಕ್ಕರು.

ಊಟಕ್ಕೆ ಬಂದಿದ್ದ ಜಯದೇವಪ್ಪನಿಗೆ ಮಾತ್ರ ಆಶ್ಚರ್ಯ. "ಭಲೇ ಸಾಬ್ರು! ಹೌದೇನವ್ವಾ ತಬಸ್ಸುಮ್? ಈ ಬಿಸಿಲಾಗೆ ನೆಪ್ಪು ಇಟ್ಕಂಡು ಇದ್ರಾ?"

ಸೆರಗು ಹಿಡಿದು ನಿಂತಿದ್ದ ಹೀನಾ ತಲೆಯೆತ್ತಿ ಅಮ್ಮನ ಬಾಯನ್ನೇ ನೋಡುತ್ತಿದ್ದಳು. ಗಂಡನೂ ನೋಡುತ್ತಿದ್ದ.

"ಹೌದು ಅಣ್ಣಾ" ಎಂದಳು ತಬಸ್ಸುಮ್. "ಇದ್ರು."

ಹೀನಾ ಸೆರಗು ಬಿಟ್ಟಳು.